ದೊಡ್ಡಪ್ಪ ಮಾಡಿದ ಭಾಗ

ಮೊನ್ನೆ ಹುಬ್ಬಳ್ಳಿ ಕೋರ್ಟಿನ ಮೆಟ್ಟಿಲ ಮೇಲೆ ಯಾರೋ ಹಿರಿಯ ವಕೀಲರು ನಶ್ಯ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಹಳೆಯ ಸಿಟ್ಟು ಕೆರಳಿತು. ಅದು ನಮ್ಮ ದೊಡ್ಡಪ್ಪನ ವಾಸನೆ. ಅಪ್ಪನ ಸ್ವಂತ ಅಣ್ಣ, ಅವರೂ ವಕೀಲರೇ...

ಮಾಳಮಡ್ಡಿಯ ನಮ್ಮ ಹಿರಿಯರ ಮನೆಗೆ ಅಜ್ಜ ಮೃತ್ಯುಪತ್ರದಲ್ಲಿ ಒಂದೇ ನಿಯಮ ಬರೆದಿಟ್ಟಿದ್ದರು: ಹಿರಿಯ ಮಗ ಎರಡು ಭಾಗ ಮಾಡಬೇಕು, ಕಿರಿಯ ಮಗ ಮೊದಲು ಆರಿಸಿಕೊಳ್ಳಬೇಕು. ತನಗೇ ಕೆಟ್ಟದ್ದು ಉಳಿದೀತೆಂಬ ಹೆದರಿಕೆಗೆ ಹಿರಿಯವನು ಸಮನಾಗಿ ಹಂಚುತ್ತಾನೆ ಎಂಬುದು, ಪಾಪ, ಅಜ್ಜನ ಲೆಕ್ಕ.

ದೊಡ್ಡಪ್ಪ ರಸ್ತೆ ಕಡೆಯ ಪಡಸಾಲೆ, ಬಾವಿ, ದೊಡ್ಡ ಕೋಣೆಗಳನ್ನೆಲ್ಲ ಒಂದು ಭಾಗ ಮಾಡಿದರು. ಹಿತ್ತಲ ಕಡೆಯ ಎರಡು ಕತ್ತಲೆ ಕೋಣೆ ಇನ್ನೊಂದು ಭಾಗ. ಅಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. "ಇಲ್ಲೇ ಸಾಯ್ತೇನಿ, ಎಬ್ಬಸಬ್ಯಾಡ್ರಿ" ಎನ್ನುತ್ತಿದ್ದಳು. ಆ ಕೋಣೆ ಯಾರ ಪಾಲಿಗೋ ಅವಳ ಆರೈಕೆಯೂ ಅವರದೇ. ತಾಯಿಯನ್ನು ಅಣ್ಣನ ಕೈಗೆ ಬಿಡುವ ಧೈರ್ಯ ಅಪ್ಪನಿಗಿಲ್ಲ ಎಂಬುದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಹಿತ್ತಲನ್ನೇ ಆರಿಸಿದ.

ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ಹೋದಳು. ಅಪ್ಪ ಹೋಗಿ ಕೇಳಿದ: "ಅಣ್ಣಾ, ಸಮ ಹಂಚಬೇಕಿತ್ತಲ್ಲಾ?"

"ಸಮ ಅಂತ ಎಲ್ಲೆ ಬರದಾರ? ಭಾಗ ಮಾಡು ಅಂದಾರ, ಮಾಡೀನಿ. ಆರಿಸು ಅಂದಾರ, ಆರಿಸೀದಿ."

ಅಪ್ಪ ತಲೆ ತಗ್ಗಿಸಿ ಬಂದ. ನಾನು ಕಾನೂನು ಓದಿದ್ದೇ ಆ ಉತ್ತರದ ಸೇಡಿಗೆ.

ಅಪ್ಪ ತೀರಿಕೊಂಡ ಮೇಲೆ, ದೊಡ್ಡಮ್ಮನ ಹೃದಯದ ಆಪರೇಷನ್‌ಗೆಂದು ದೊಡ್ಡಪ್ಪ ತಮ್ಮ ಭಾಗ ಮಾರಲು ನಿಂತರು. ನಮ್ಮ ದಾರಿ ಅವರ ಅಂಗಳದಲ್ಲೇ ಹಾಯುತ್ತಿತ್ತು. ಹಿತ್ತಲೂ ಸೇರಿದರೆ ಮಾತ್ರ ಕೊಳ್ಳುತ್ತೇನೆ ಎಂದ ಗಿರಾಕಿ. ದೊಡ್ಡಪ್ಪ ನನ್ನ ಬಾಗಿಲಿಗೆ ಬಂದರು. ಕೂಡ್ರಿ ಎಂದೂ ಅನ್ನಲಿಲ್ಲ ನಾನು.

"ಈ ಸಲ ಭಾಗ ನಾ ಮಾಡತೇನ್ರಿ, ನೀವು ಆರಿಸ್ರಿ. ಬಂದ ರೊಕ್ಕದಾಗ ಮೂರರಾಗ ಎರಡು ಪಾಲು ನಮಗ. ಇಲ್ಲಂದ್ರ ನಾ ಮಾರಂಗಿಲ್ಲ."

ಹೆಂಡತಿಯ ಜೀವ ಬಿಟ್ಟು ಅವರು ಬೇರೆ ಆರಿಸುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅವರು ಕೈಮುಗಿದು ಬೇಡುವುದನ್ನು ಕಣ್ತುಂಬ ನೋಡಬೇಕೆಂದು ಕಾದೆ. ಅವರು ನಕ್ಕುಬಿಟ್ಟರು. ಒಪ್ಪಂದಕ್ಕೆ ಸಹಿ ಹಾಕಿ ನನ್ನ ಬೆನ್ನು ತಟ್ಟಿದರು.

"ಛಲೋ ಭಾಗ ಮಾಡೀದಿ. ನೀ ನನ್ನ ಮಗಾ ಆಗಬೇಕಿತ್ತು ನೋಡು."

ದೊಡ್ಡಮ್ಮ ಬದುಕಿದಳು. ದೊಡ್ಡಪ್ಪ ಈಗಿಲ್ಲ, ಆ ಮನೆಯೂ ಇಲ್ಲ. ಕೋರ್ಟಿನಲ್ಲಿ ಎಂಥವರ ಬಾಯಿಯನ್ನೂ ಮುಚ್ಚಿಸುವ ನನಗೆ, "ನಾ ನಮ್ಮಪ್ಪನ ಮಗಾ" ಎನ್ನುವ ಒಂದು ಮಾತು ಅವತ್ತು ಬಾಯಿಗೆ ಬರಲಿಲ್ಲ... ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ತೀರಿಸಿಕೊಳ್ಳೋಣವೆಂದರೆ ಆ ಮನುಷ್ಯ ಸತ್ತುಹೋದರು.