ಅವನು ತಾನಾಗಿ ಬೀಳಲಿಲ್ಲ

ನಮ್ಮ ಮನೆಗೆ ಕುಸುಬೆ ಎಣ್ಣೆ ತರುವುದಿಲ್ಲ. ಯಾಕೆಂದು ಗಂಡನಿಗೂ ಹೇಳಿಲ್ಲ. ಕಳೆದ ವಾರ ಅತ್ತೆಗೆ ಮೊಣಕಾಲು ನೋವು ಜಾಸ್ತಿಯಾಗಿ, ತಿಕ್ಕಲು ಗಾಣದ ಕುಸುಬೆ ಎಣ್ಣೆಯೇ ಬೇಕೆಂದರು. ಗಾಂಧಿ ಚೌಕದ ಹಿಂದಿನ ಸಂದಿಗೆ ಹೋದೆ. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದ. ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎರಡೂ ಅಂಗೈ ಮುಷ್ಟಿ ಕಟ್ಟಿಕೊಂಡವು. ಇಪ್ಪತ್ತೈದು ವರ್ಷವಾದರೂ...

ತಿಕೋಟಾದ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಸರ್ ಪ್ರತಿ ಶನಿವಾರ ತಮ್ಮ ಬೆತ್ತಕ್ಕೆ ಕುಸುಬೆ ಎಣ್ಣೆ ಹಚ್ಚುತ್ತಿದ್ದರು. ನಮ್ಮೆದುರೇ, ಮೇಜಿನ ಮೇಲೆ ಹಳೆ ಪೇಪರು ಹಾಸಿಕೊಂಡು, ಮಗುವಿಗೆ ಎಣ್ಣೆ ನೀವಿದಷ್ಟು ಜೋಪಾನವಾಗಿ. ಒಣಗಿದ ಬೆತ್ತ ಸೀಳುತ್ತದಂತೆ. ಎಣ್ಣೆ ಕುಡಿದ ಬೆತ್ತ ಸೀಳುವುದಿಲ್ಲ, ಬಾಗುತ್ತದೆ. ಬಾಗಿದ ಬೆತ್ತದ ಏಟು ಎಲ್ಲಿ ಬೀಳುತ್ತದೆಂದು ನಮ್ಮ ತರಗತಿಯ ನಲವತ್ತು ಮಕ್ಕಳಿಗೂ ಗೊತ್ತಿತ್ತು.

ಅವರು ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಎಷ್ಟೇ ಧೂಳಿದ್ದರೂ ಬಿಳಿ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ಬಂದವರೇ ಬೋರ್ಡಿನ ನಡುವೆ ಒಂದು ಗೆರೆ ಎಳೆಯುವರು. ಎಡಕ್ಕೆ ‘ಮನೆ’, ಬಲಕ್ಕೆ ‘ಕಚೇರಿ’ ಎಂದು ಬರೆಯುವರು. ಮುಂದೂಡುವುದಕ್ಕೆ ಮನೆಯ ಕಡೆ ‘ಪುಟ್ ಆಫ್’, ಕಚೇರಿಯ ಕಡೆ ‘ಪೋಸ್ಟ್‌ಪೋನ್’. ಮನೆಯ ಕಡೆ ‘ಲುಕ್ ಇನ್‌ಟು’, ಕಚೇರಿಯ ಕಡೆ ‘ಇನ್ವೆಸ್ಟಿಗೇಟ್’.

“ಎಡಗಡೀದು ಮನ್ಯಾಗ ಲುಂಗಿ ಉಟ್ಟಂಗ. ಬಲಗಡೀದು ಪ್ಯಾಂಟ್. ಲುಂಗಿ ಉಟ್ಕೊಂಡು ಸಾಹೇಬನ ಮುಂದ ನಿಂತರ ಹೊರಗ ಹಾಕ್ತಾನ,” ಎನ್ನುತ್ತಿದ್ದರು.

ಎಡಗಡೆಯ ಮಾತುಗಳೇ ನಮ್ಮನ್ನು ಕೊಂದದ್ದು. ‘ಪುಟ್’ ಒಂದೇ ಶಬ್ದ. ಅದರ ಬಾಲಕ್ಕೆ ‘ಆಫ್’ ಬಂದರೆ ಒಂದು ಅರ್ಥ, ‘ಔಟ್’ ಬಂದರೆ ಇನ್ನೊಂದು, ‘ಅಪ್’ ಬಂದರೆ ಮತ್ತೊಂದು. ಬಾಲ ತಪ್ಪಿದರೆ ಅಂಗೈಗೆ ಒಂದೇಟು. ಎರಡನೆಯ ಸಲ ತಪ್ಪಿದರೆ ಕೈ ತಿರುಗಿಸಿ ಬೆರಳ ಗಂಟುಗಳ ಮೇಲೆ. ಹುಡುಗಿಯರೆಂದು ರಿಯಾಯಿತಿ ಇರಲಿಲ್ಲ. ಊದಿದ ಬೆರಳುಗಳಿಂದ ಮನೆಯಲ್ಲಿ ರೊಟ್ಟಿ ಬಡಿಯಲಾಗದೆ ಅವ್ವನ ಕೈಯಲ್ಲೂ ಬೈಸಿಕೊಂಡಿದ್ದೇನೆ.

ಒಮ್ಮೆ ಮಾತ್ರ ಅವರು ತಮ್ಮ ವಿಷಯ ಹೇಳಿದ್ದರು. ನೌಕರಿಗಾಗಿ ಬರೆದ ಮೊದಲ ಅರ್ಜಿಯಲ್ಲಿ ಒಂದು ಸಣ್ಣ ಶಬ್ದ ತಪ್ಪಿತ್ತಂತೆ. ಅಧಿಕಾರಿ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ನಕ್ಕು, ಮುಖಕ್ಕೆ ಎಸೆದನಂತೆ. “ನಿಮ್ಮನ್ನ ನೋಡಿ ಯಾರೂ ನಗಬಾರದು,” ಎಂದು ಬೆತ್ತ ಎತ್ತಿಕೊಂಡರು.

ಪರಸು ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನವನು. ಅವನ ಮನೆಯವರು ಕುರಿ ಕಾಯುವವರು. ಹತ್ತನೇ ತರಗತಿಯ ಚಳಿಗಾಲದಲ್ಲಿ ಅವನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ತಲೆ ಬೋಳಿಸಿಕೊಂಡು ಬಂದು ರಜೆ ಚೀಟಿ ಕೊಟ್ಟ. ಅವನನ್ನು ಸಾಕಿದ್ದ ಆಯಿ, ಅವನ ಅಪ್ಪನ ತಾಯಿ, ತೀರಿಹೋಗಿದ್ದಳು. ಚೀಟಿಯನ್ನು ಅವನೇ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಬರೆದಿದ್ದ. ‘ಪಾಸ್ಡ್ ಅವೇ’ ಎಂದು ಬರೆಯುವಲ್ಲಿ ‘ಪಾಸ್ಡ್ ಔಟ್’ ಎಂದಿತ್ತು.

ಸರ್ ಅದನ್ನು ಗಟ್ಟಿಯಾಗಿ ಓದಿದರು.

“ಪಾಸ್ಡ್ ಔಟ್ ಅಂದ್ರ ಎಚ್ಚರ ತಪ್ಪೂದು. ನಿಮ್ಮ ಆಯಿ ಈಗ ಎದ್ದು ಕುಂತಾಳೇನಲೇ?”

ತರಗತಿ ನಕ್ಕಿತು. ನಾನೂ ನಕ್ಕೆ.

“ಇಲ್ರಿ ಸರ್. ಮಣ್ಣ ಮಾಡಿ ಬಂದೇವ್ರಿ,” ಎಂದ ಪರಸು.

ನಗು ಇನ್ನೂ ಹೆಚ್ಚಾಯಿತು. ಸರ್ ಬೆತ್ತ ಎತ್ತಿದರು. ಮೊದಲ ಏಟಿಗೆ ಅವನು ಕೈ ಒಡ್ಡಿದ. ಎರಡನೆಯದಕ್ಕೂ ಒಡ್ಡಿದ. ಮೂರನೆಯದು ಬೀಳುವ ಮೊದಲು ಬೆತ್ತವನ್ನೇ ಹಿಡಿದುಕೊಂಡ. “ಆಯಿ ಹೆಸರು ತಗೊಂಡು ನಗಬ್ಯಾಡ್ರಿ,” ಎಂದ. ಜೋರಾಗಿಯೇನೂ ಅಲ್ಲ. ಆದರೆ ಬೆತ್ತ ಬಿಡಲಿಲ್ಲ.

ಸರ್ ಮುಖ ಕಪ್ಪಿಟ್ಟಿತು. ಬೆತ್ತ ಬಿಟ್ಟು ಬರಿಗೈಯಲ್ಲಿ ಅವನ ಎಡಗಿವಿಗೆ ಬಾರಿಸಿದರು. ಆ ಸದ್ದು ಒದ್ದೆ ಬಟ್ಟೆ ಒಗೆದ ಹಾಗಿತ್ತು. ಪರಸು ಪಕ್ಕಕ್ಕೆ ಹೋಗಿ ಬೆಂಚಿನ ಮೂಲೆಗೆ ತಲೆ ಬಡಿದು ಕೆಳಗೆ ಬಿದ್ದ. ಸರ್ ಅಲ್ಲಿಗೂ ನಿಲ್ಲಲಿಲ್ಲ. ಬಿದ್ದವನ ಬೆನ್ನಿಗೆ ಎರಡು ಸಲ ಒದ್ದರು. ಕಿವಿಯಿಂದ ರಕ್ತ ಬಂದು ಬೋಳುತಲೆಯ ಮೇಲೆ ಗೆರೆಯಾಗಿ ಇಳಿದಾಗಲೇ ಅವರ ಕಾಲು ನಿಂತದ್ದು. ಆಗ ಯಾರೂ ನಗುತ್ತಿರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಆ ಕಿವಿ ಇನ್ನು ಕೇಳುವುದಿಲ್ಲ ಎಂದರು. ಮರುದಿನ ಸರ್ ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಪರಸುವಿನ ಅಪ್ಪ ಮತ್ತು ಇಬ್ಬರು ಕಾಕಾಗಳು ಅವರನ್ನು ಸುತ್ತುವರಿದರು. ನಾನು ಶಾಲೆಯ ದಾರಿಯಲ್ಲಿದ್ದೆ. ಕುರಿ ಹೊಡೆಯುವ ಬಡಿಗೆ ಮೊದಲು ಕನ್ನಡಕದ ಮೇಲೆ ಬಿತ್ತು. ಆಮೇಲೆ ಎಲ್ಲಿ ಬಿತ್ತೆಂದು ಲೆಕ್ಕವಿಲ್ಲ. ಬಿಳಿ ಅಂಗಿ ಹರಿಯಿತು. ಸರ್ ಒಮ್ಮೆಯೂ ಕೈ ಎತ್ತಲಿಲ್ಲ. ಕೂಗಲೂ ಇಲ್ಲ. ಪರಸುವಿನ ಅಪ್ಪ ಅವರ ಬಲಗೈಯನ್ನು ಕಟ್ಟೆಯ ಮೇಲಿಟ್ಟು, “ಇದs ಕೈಯಲ್ಲ?” ಎಂದು ಬಡಿಗೆ ಬೀಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಚಹಾ ಅಂಗಡಿಯವರು ನಿಂತು ನೋಡುತ್ತಿದ್ದರು. ನಾನೂ...

ಶಾಲೆ ನಡೆಸುವ ಸಂಸ್ಥೆಯವರು ವಿಚಾರಣೆಗೆ ಬರುವುದೆಂದಾಯಿತು. ಅದರ ಹಿಂದಿನ ದಿನ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆದರು.

“ತಂಗಿ, ನೀ ಇಂಗ್ಲಿಷ್‌ದಾಗ ಶಾಣ್ಯಾ ಇದ್ದಿ. ಕಣ್ಣಾರೆ ನೋಡಿದ್ದು ಅಂತ ಬರಿ. ಹುಡುಗ ಓಡೂ ಮುಂದ ಕಾಲು ಜಾರಿ ಬಿದ್ದ. ಅಷ್ಟs.”

ಬರೆದೆ. ಸರ್ ಉಳಿಯಲಿ ಎಂದೋ, ಹೆದರಿಯೋ, ಶಾಣ್ಯಾ ಎಂದದ್ದಕ್ಕೆ ಉಬ್ಬಿಯೋ, ಇವತ್ತಿಗೂ ಗೊತ್ತಿಲ್ಲ. ‘ಹಿ ಫೆಲ್ ಡೌನ್’ ಎಂದು ಮುದ್ದಾದ ಅಕ್ಷರದಲ್ಲಿ ಬರೆದು ಕೆಳಗೆ ಹೆಸರು ಹಾಕಿದೆ.

ಸರ್ ಅದೇ ಕೋಣೆಯ ಮೂಲೆಯಲ್ಲಿ ಕುಳಿತಿದ್ದರು. ಬಲಗೈಗೆ ಪ್ಲಾಸ್ಟರು, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಹೆಡ್‌ಮಾಸ್ತರರು ಹಾಳೆಯನ್ನು ಅವರ ಮುಂದೆ ಹಿಡಿದು, “ತಪ್ಪಿದ್ರ ತಿದ್ರಿ ಸರ್,” ಎಂದರು.

ಅವರು ಬಹಳ ಹೊತ್ತು ಓದಿದರು. ಇದ್ದದ್ದು ನಾಲ್ಕೇ ಸಾಲು.

“ಫೆಲ್ ಡೌನ್ ತಪ್ಪೈತಿ,” ಎಂದರು ನನ್ನ ಕಡೆ ತಿರುಗಿ. “ಫೆಲ್ ಡೌನ್ ಅಂದ್ರ ತಾನಾಗಿ ಬೀಳೂದು. ಅಂವ ತಾನಾಗಿ ಬಿದ್ದನೇನ?”

ಎಡಗೈಯಲ್ಲಿ ಪೆನ್ನು ಹಿಡಿದು ಅದನ್ನು ಹೊಡೆದುಹಾಕಿದರು. ಮೇಲೆ ಸೊಟ್ಟ ಅಕ್ಷರದಲ್ಲಿ ‘ಐ ನಾಕ್ಡ್ ಹಿಮ್ ಡೌನ್’, ನಾನೇ ಅವನನ್ನು ಹೊಡೆದು ಬೀಳಿಸಿದೆ, ಎಂದು ಬರೆದು, ನನ್ನ ಹೆಸರನ್ನೂ ಹೊಡೆದು, ತಮ್ಮ ಸಹಿ ಹಾಕಿದರು.

“ನೌಕರಿ ಹೋಗ್ತತ್ರಿ ಸರ್!” ಹೆಡ್‌ಮಾಸ್ತರರು ಹಾಳೆ ಕಸಿಯಲು ನೋಡಿದರು. ಸರ್ ಕೊಡಲಿಲ್ಲ.

ನಾನೋ ದಡ್ಡಿ. ಅವರು ಕಲಿಸಿದ್ದೇ ನೆನಪಾಗಿ, “ಸರ್, ಇದು ಕಚೇರಿಗೆ ಕೊಡೂದ್ರಿ. ನೀವು ಬರದದ್ದು ಎಡಗಡೀದು...” ಎಂದುಬಿಟ್ಟೆ.

“ಇರ್ಲಿ,” ಎಂದರು. “ಅಲ್ಲಿ ದೊಡ್ಡ ಶಬ್ದ ಹಾಕಿದ್ರ ಬ್ಯಾರೆ ಯಾರೋ ಹೊಡದಂಗ ಕಾಣ್ತತಿ. ಹೊಡದಾಂವ ನಾನು.”

ನೌಕರಿ ಹೋಯಿತು. ಪರಸು ಮತ್ತೆ ಶಾಲೆಗೆ ಬರಲಿಲ್ಲ. ಸರ್ ಬಬಲೇಶ್ವರದಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಾರೆಂದು ಆಗೀಗ ಕೇಳುತ್ತಿದ್ದೆ. ಒಮ್ಮೆಯೂ ಹೋಗಲಿಲ್ಲ. ನನ್ನ ಹೊಟ್ಟೆ ತುಂಬಿಸುತ್ತಿರುವುದು ಅವರು ಕಲಿಸಿದ ಇಂಗ್ಲಿಷೇ. ವಿಜಯಪುರದ ವಕೀಲರೊಬ್ಬರ ಕಚೇರಿಯಲ್ಲಿ ಕರಡು ಪತ್ರ ತಿದ್ದುತ್ತೇನೆ. ಅವರನ್ನು ನಾನು ಕ್ಷಮಿಸಿಯೂ ಇಲ್ಲ, ನೆನೆಯದೆ ಇದ್ದದ್ದೂ ಇಲ್ಲ. ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದ ದಿನವೂ ಕಚೇರಿಗೆ ಹೋಗಿ ಕೆಲಸ ಮಾಡಿದೆ.

ಪರಸು ಈಗ ಸ್ಟೇಷನ್ ರಸ್ತೆಯಲ್ಲಿ ಆಟೋ ಓಡಿಸುತ್ತಾನೆ. ದಿನಾ ಕಾಣುತ್ತಾನೆ, ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಆ ದಿನ ಎಣ್ಣೆಯ ಡಬ್ಬಿ ಹಿಡಿದು ನೇರ ಅವನ ಆಟೋ ಹತ್ತಿದೆ. ಸರ್ ಹೋದದ್ದು ಅವನಿಗೆ ಗೊತ್ತಿತ್ತು.

“ನಾಕು ವರ್ಷದ ಹಿಂದ ನಮ್ಮ ಮನಿಗೆ ಬಂದಿದ್ದ,” ಎಂದ. “ಒಂದೂ ಮಾತಾಡಲಿಲ್ಲ, ಸುಮ್ನ ನಿಂತ. ಮಾರಿಗೆ ಬಾಗಲಾ ಹಾಕಿದ್ನಿ. ನಾ ತಾನಾಗಿ ಬಿದ್ದೆ ಅಂತ ಸಾಲ್ಯಾಗ ಬರದು ಕೊಟ್ಟಾರ ಅಂತ ನಮ್ಮಪ್ಪಗ ಯಾರೋ ಹೇಳಿದ್ರು. ಅದು ಹೊಟ್ಯಾಗ ಇತ್ತು.”

ನಾನು ಅವನ ಬಲಗಡೆಗೆ, ಕೇಳುವ ಕಿವಿಯ ಕಡೆಗೆ ಸರಿದು ಕುಳಿತೆ. ಹಾಳೆಯ ಕಥೆ ಪೂರ್ತಿ ಹೇಳಿದೆ. ಸರ್ ಹೊಡೆದುಹಾಕಿದ್ದು, ಎಡಗೈಯಲ್ಲಿ ಬರೆದದ್ದು, ಸಹಿ ಹಾಕಿದ್ದು. ಅವನು ಆಟೋ ನಿಧಾನ ಮಾಡಿದ.

“ಬಂದು ನಿಂತಾಗ ಹೇಳಬಾರದಿತ್ತಾ ಅಂವ?” ಎಂದ. ಆಮೇಲೆ ಕೇಳಿದ: “ಮದಲ ಸುಳ್ಳು ಬರದಾಂವ ಯಾವನು?”

“ನಾನು,” ಎಂದೆ.

ಆಟೋ ರಸ್ತೆಯ ಬದಿಗೆ ನಿಂತಿತು. ಅವನು ಹಿಂದೆ ತಿರುಗಲಿಲ್ಲ. ಬಿಸಿಲಿತ್ತು, ಮನೆ ಇನ್ನೂ ದೂರವಿತ್ತು. ಇಳಿದು ನಡೆದೆ.