ಈರಣ್ಣ ಸಾರ್ ಮತ್ತು ಬಿದ್ದ ಸೂರ್ಯದೇವ

ಈರಣ್ಣ ಸಾರ್ ಸಮುದ್ರ ಕಂಡವರೇ ಅಲ್ಲ. ಆದರೂ ಗ್ರೀಸ್ ದೇಶದ ರೋಡ್ಸ್ ದ್ವೀಪವನ್ನು ತಮ್ಮ ಹೊಲದ ಬದುವಿನಷ್ಟು ಚೆನ್ನಾಗಿ ಬಲ್ಲವರು. ಗಡಿಯಾಚೆಗಿರುವ ನಮ್ಮೂರು ಪೆದ್ದಹರಿವಾಣದ ಕನ್ನಡ ಶಾಲೆಯಲ್ಲಿ ನಮಗೆ ಸಮಾಜ ಪಾಠ ಹೇಳುತ್ತಿದ್ದರು. ಪುಸ್ತಕದಲ್ಲಿ ಆ ದ್ವೀಪದ ಬಗ್ಗೆ ಇದ್ದದ್ದು ಒಂದೇ ಸಾಲು. ಸಾರ್ ಅದಕ್ಕೆ ಒಂದು ವಾರ ತೆಗೆದುಕೊಳ್ಳುತ್ತಿದ್ದರು; ಪರೀಕ್ಷೆಗೆ ಬೇಕಾದದ್ದು ಹಾಗೇ ಉಳಿಯುತ್ತಿತ್ತು.

ಅಂಗಳದ ಬಂಡೆಯ ಮೇಲೆ ಸುಣ್ಣದಲ್ಲಿ ಬಂದರು ಬರೆಯುವರು. ಅದರ ಬಾಯಲ್ಲಿ ಎರಡು ಕಂಬ, ಮೇಲೆ ಜಿಂಕೆಗಳು, ಪಕ್ಕದಲ್ಲಿ ಗಾಳಿಗಿರಣಿಗಳು. ಆಮೇಲೆ ಹಳೇ ಕೋಟೆಯೊಳಗಿನ ಸೈನಿಕರ ಬೀದಿ. "ಬರೇ ಉರುಟು ಕಲ್ಲು ಹಾಸ್ಯಾರಲೇ. ಮಳಿ ಬಂದ್ರೂ ಎರಿ ಮಣ್ಣು ಕಾಲಿಗೆ ಮೆತ್ತಂಗಿಲ್ಲ."

"ನೀವು ಸಮುದ್ರ ನೋಡೀರೇನ್ರಿ ಸಾರ್?"

"ಹೊಸಪೇಟಿ ಡ್ಯಾಮ್ ನೋಡೀನಲೇ. ಅದಕ್ಕ ಉಪ್ಪು ಹಾಕಿದ್ರ ಸಮುದ್ರ."

ಅಲ್ಲಿನ ಸೂರ್ಯದೇವನ ಕಂಚಿನ ಮೂರ್ತಿಯ ಕಥೆ ಬಂದಾಗ ನಮ್ಮಿಂದ ಬೇವಿನ ಮರ ತಬ್ಬಿಸುತ್ತಿದ್ದರು. ನನ್ನ ಕೈಗಳು ಒಂದಕ್ಕೊಂದು ಎಟುಕುತ್ತಿರಲಿಲ್ಲ. "ಇದು ಆ ಮೂರ್ತಿ ಹೆಬ್ಬೆಟ್ಟಲೇ, ಬರೇ ಹೆಬ್ಬೆಟ್ಟು!" ಎಂದು ಕುಣಿಯುವರು. ಭೂಕಂಪಕ್ಕೆ ಅದು ಮೊಣಕಾಲಲ್ಲಿ ಮುರಿದು ಬಿತ್ತಂತೆ. ಮತ್ತೆ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ಎತ್ತಬ್ಯಾಡ್ರಿ ಅಂತ ದೇವರ ಅಪ್ಪಣಿ ಆತು. ಎಂಟುನೂರು ವರ್ಷ ಹಂಗ ಬಿದ್ದಿತ್ತು. ಮಂದಿ ಹಡಗು ಹತ್ತಿ ಬಂದು ನೋಡಿ ಹೋಗ್ತಿದ್ರು."

ಭಿನ್ನವಾದ ಮೂರ್ತಿಯನ್ನು ಹೊಳೆಗೆ ಬಿಡಬೇಕಲ್ಲ ಎಂದು ನಾನು ವಾದಕ್ಕಿಳಿದೆ.

"ಸುಮ್ಕಿರಲೇ ಶಾಣ್ಯಾ. ಬಿದ್ರ ದೇವರಲ್ಲೇನು?"

ಹೋದ ವರ್ಷ ಸಾರ್ ಬಚ್ಚಲಲ್ಲಿ ಜಾರಿ ಬಿದ್ದರು. ಮಗಳು ನಾಗವೇಣಿ ಫೋನ್ ಮಾಡಿದಳು: "ಅಣ್ಣಾ, ಅಪ್ಪಗ ನಿಂದ್ರಾಕ ಆಗವಲ್ದು. ಬಳ್ಳಾರಿಗೆ ಒಯ್ಯಲೇನು?"

ಬೇಡವೆಂದವನು ನಾನೇ. ಚಿಕ್ಕಂದಿನಲ್ಲಿ ಮುರಿದ ನನ್ನ ಕೈಯನ್ನು ಆಸ್ಪರಿ ಕಡೆಯ ಕುರಿ ಕಾಯುವ ಮುದುಕ, ಕುರಿಯ ಕಾಲು ಕೂಡಿಸಿದಂತೆ, ಬಿದಿರು ದಬ್ಬೆ ಇಟ್ಟು ಕಟ್ಟಿ ನೆಟ್ಟಗೆ ಮಾಡಿದ್ದ. ಅವನ ಮಗನನ್ನು ಕರೆತಂದೆ. ತತ್ತಿ, ಉದ್ದಿನ ಹಿಟ್ಟು ಹಚ್ಚಿ ಸಾರ್ ಅವರ ತೊಡೆಗೆ ಬಿಗಿಯಾಗಿ ಕಟ್ಟಿದ. ನಲವತ್ತು ದಿನ ಕಾದೆವು. ಕಟ್ಟು ಬಿಚ್ಚಿದರೆ ಕಾಲು ಸೊಟ್ಟಗಾಗಿ ಗಿಡ್ಡವಾಗಿತ್ತು. ಆಮೇಲೆ ಬಳ್ಳಾರಿಗೆ ಓಡಿದೆವು. ಮೊದಲೇ ತಂದಿದ್ದರೆ ಆಪರೇಷನ್ ಮಾಡಬಹುದಿತ್ತು, ಮಲಗಿ ಮಲಗಿ ಸೋತ ಈ ಹೃದಯ ಈಗ ಅದನ್ನು ತಡೆಯುವುದಿಲ್ಲ ಎಂದರು ಡಾಕ್ಟರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಗವೇಣಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಯ ಸಲ ಹೋದಾಗ ಮನಸ್ಸು ಕೇಳಲಿಲ್ಲ. "ಒಂದ್ಸಲ ನಿಂತು ನೋಡೂಣ್ರಿ ಸಾರ್" ಎಂದು ತಬ್ಬಿ ಎತ್ತಲು ಹೋದೆ. ಬೇವಿನ ಮರಕ್ಕೆ ಎಟುಕದ ಕೈಗಳು ಅವರನ್ನು ಸುತ್ತಿ ಬಂದು ಇನ್ನೂ ಮಿಕ್ಕಿದವು. ಅವರು ನೋವಿಗೆ ಹಲ್ಲು ಕಚ್ಚಿದರು.

"ಎತ್ತಬ್ಯಾಡಲೇ."

"ತಪ್ಪು ನಂದು ಸಾರ್."

"ನೋಡಾಕ ಬಂದೀಯಲ್ಲ? ಕುಂತು ನೋಡಿ ಹೋಗು."

ಕೂತೆ. ಬೇರೇನೂ ಮಾಡುವಂತಿರಲಿಲ್ಲ.

ಮುಂದಿನ ವಾರ ಎತ್ತಲೇಬೇಕಾಯಿತು. ಹೆಗಲು ಕೊಟ್ಟ ನಾಲ್ವರಲ್ಲಿ ನಾನೂ ಒಬ್ಬ.