ಬಲಕ್ಕೆ ಹೋದ ಬಾಲ್

ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಹತ್ತಿರದಲ್ಲೇ ಇದ್ದ ನನ್ನ ಗಂಡನ ಮಂಗಳೂರು ಮೂಲದ ಗೆಳೆಯರೊಬ್ಬರು ಬಂದರೆ, ಇಬ್ಬರೂ ಕ್ಯಾಸೆಟ್ ಸವೆಯುವಷ್ಟು ನೋಡಿದ್ದ ಒಂದೇ ಅಮೆರಿಕನ್ ಫುಟ್‌ಬಾಲ್ ಮ್ಯಾಚಿನ ಮಾತು. ಅದರಲ್ಲಿ ನನ್ನ ಗಂಡನ ಮೆಚ್ಚಿನ ಆಟಗಾರ ಎಸೆದ ಕೊನೆಯ ಬಾಲ್ ಎಡಕ್ಕೆ ಹೋಯಿತೆಂದು ಗೆಳೆಯರು ಬೇಕೆಂದೇ ತಪ್ಪಾಗಿ ಹೇಳುವರು. ನನ್ನ ಗಂಡ, "ನಾನ್‌ಸೆನ್ಸ್! ಬಲಕ್ಕೆ!" ಎಂದು ಎಗರಿಬೀಳುವರು. ಅದೇ ಅವರಿಬ್ಬರ ಆಟ.

ತಿರುವನಂತಪುರದ ಡಾಕ್ಟರು ನನ್ನ ಗಂಡನಿಗೆ ಮರೆವಿನ ರೋಗವೆಂದ ಮೇಲೂ ಆ ಸಿಟ್ಟೊಂದು ಉಳಿದಿತ್ತು. ನಾನು ಅದನ್ನೇ ನಂಬಿಕೊಂಡಿದ್ದೆ.

ಆ ಆಟಗಾರನ ರಿಟೈರ್‌ಮೆಂಟ್ ಸುದ್ದಿ ಪೇಪರಿನಲ್ಲಿ ಬಂದ ದಿನ ಗೆಳೆಯರು ಓಡಿಬಂದರು. "ನಿನ್ನ ಹೀರೋ ಆಟ ಬಿಟ್ಟ ಮಾರಾಯ! ಅವತ್ತು ಬಾಲ್ ಎಡಕ್ಕೆ ಬಿಸಾಡಿದ್ದಲ್ವಾ ಅವ?"

ನನ್ನ ಗಂಡ ತುಂಬ ಪೊಲೈಟ್ ಆಗಿ ನಕ್ಕರು. "ಇರಬಹುದು ಸಾರ್. ನೀವು ಹೇಳಿದ ಮೇಲೆ ಸರಿಯೇ ಇರುತ್ತೆ."

ಗೆಳೆಯರು ನನ್ನ ಮುಖ ನೋಡಿದರು. "ಬಲಕ್ಕೆ," ಎಂದೆ ನಾನು. ಯಾರೂ ಜಗಳಕ್ಕೆ ಬರಲಿಲ್ಲ.